ಬೆಂಕಿ ಬಂದದ್ದು ಕೊನೆಗೆ

‘ಫ್ಯಾರನ್‌ಹೀಟ್ 451’ ಯಾವುದರ ಬಗ್ಗೆ ಅಂತ ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ ಮಾತು: ಸರ್ಕಾರ ಪುಸ್ತಕ ಸುಡುವ ಕತೆ. ನಾನೂ ಬಹಳ ವರ್ಷ ಹಾಗೇ ಹೇಳಿಕೊಂಡು ಓಡಾಡಿದ್ದೆ. ಮೊದಲ ಸಲ ಓದಿದಾಗ ನೆನಪಲ್ಲಿ ಉಳಿದದ್ದು ಸೀಮೆಎಣ್ಣೆ ವಾಸನೆ, ಉರಿಯುವ ಮನೆ, ಅಟ್ಟಿಸಿಕೊಂಡು ಬರುವ ಯಂತ್ರದ ನಾಯಿ. ವರ್ಷಗಳಾದ ಮೇಲೆ ಮತ್ತೆ ಓದುವಾಗ ಒಂದು ಮಾತು ಕಣ್ಣಿಗೆ ಬಿತ್ತು. ಅದು ಮೊದಲೂ ಅಲ್ಲೇ ಇತ್ತು, ನಾನೇ ಹಾರಿಸಿಕೊಂಡು ಹೋಗಿದ್ದೆ. ಆ ಊರಿನಲ್ಲಿ ಜನ ಮೊದಲು ಓದುವುದನ್ನು ಬಿಟ್ಟರು. ಬೆಂಕಿ ಬಂದದ್ದು ಆಮೇಲೆ.

ಕತೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬರೆದವರು ಅಮೆರಿಕದ ರೇ ಬ್ರಾಡ್‌ಬರಿ. ಮುಂದೆ ಯಾವುದೋ ಕಾಲದಲ್ಲಿ ಇರಬಹುದಾದ ಒಂದು ಊರು. ಅಲ್ಲಿನ ಮನೆಗಳಿಗೆ ಬೆಂಕಿ ಹತ್ತುವುದಿಲ್ಲ. ಹಾಗಾಗಿ ಫೈರ್‌ಮ್ಯಾನ್‌ಗಳಿಗೆ ಹಳೆಯ ಕೆಲಸ ಇಲ್ಲ, ಬೇರೆ ಕೆಲಸ ಕೊಟ್ಟಿದ್ದಾರೆ. ಯಾರ ಮನೆಯಲ್ಲಿ ಪುಸ್ತಕ ಸಿಕ್ಕರೂ ಹೋಗಿ ಸುಡುವುದು. ಪುಸ್ತಕದ ಕಾಗದ ಹೊತ್ತಿಕೊಳ್ಳುವ ಶಾಖ ಅಂತ ಬ್ರಾಡ್‌ಬರಿ ಹಿಡಿದದ್ದು 451 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 233 ಡಿಗ್ರಿ ಸೆಲ್ಸಿಯಸ್. ಕಥಾನಾಯಕ ಗೈ ಮೊಂಟಾಗ್‌ಗೆ 30 ವರ್ಷ. ಹತ್ತು ವರ್ಷದಿಂದ ಸುಡುತ್ತಿದ್ದಾನೆ. ಸುಡುವುದೆಂದರೆ ಅವನಿಗೆ ಖುಷಿ. ಕಾದಂಬರಿ ಶುರುವಾಗುವುದೇ ಆ ಖುಷಿಯಿಂದ.

ಪುಸ್ತಕ ಬಂದದ್ದು 1953ರ ಅಕ್ಟೋಬರ್‌ನಲ್ಲಿ. ಆ ಹೊತ್ತನ್ನು ನೆನೆಸಿಕೊಂಡರೆ ಎಲ್ಲರೂ ಸರ್ಕಾರದ ಕಡೆ ಬೆರಳು ತೋರಿಸಿದ್ದು ಯಾಕೆ ಅಂತ ಗೊತ್ತಾಗುತ್ತದೆ. ಬರ್ಲಿನ್ನಿನ ಚೌಕದಲ್ಲಿ ನಾಜಿ ವಿದ್ಯಾರ್ಥಿಗಳು ಪುಸ್ತಕಗಳನ್ನು ಗುಡ್ಡೆ ಹಾಕಿ ಸುಟ್ಟದ್ದು 1933ರ ಮೇ 10ರಂದು. ಅದಾಗಿ ಇಪ್ಪತ್ತು ವರ್ಷ ಅಷ್ಟೆ. ಅಮೆರಿಕದಲ್ಲೇ ಸೆನೆಟರ್ ಜೋಸೆಫ್ ಮೆಕಾರ್ಥಿ ಕಮ್ಯುನಿಸ್ಟರ ಬೇಟೆಗೆ ಇಳಿದಿದ್ದ. ಹೊರದೇಶಗಳಲ್ಲಿ ಅಮೆರಿಕ ಸರ್ಕಾರ ನಡೆಸುತ್ತಿದ್ದ ಲೈಬ್ರರಿಗಳಿಂದ ಪುಸ್ತಕಗಳು ಕಾಣೆಯಾಗುತ್ತಿದ್ದವು. ಅದೇ ವರ್ಷ ಜೂನ್‌ನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಡಾರ್ಟ್‌ಮತ್ ಕಾಲೇಜಿನ ಹುಡುಗರ ಮುಂದೆ ನಿಂತು, ಪುಸ್ತಕ ಸುಡುವವರ ಜತೆ ಸೇರಬೇಡಿ ಅಂತ ಹೇಳಬೇಕಾಗಿ ಬಂತು. ಹೀಗಿರುವಾಗ ಕಾದಂಬರಿಯನ್ನು ಮೆಕಾರ್ಥಿಗೆ ಕೊಟ್ಟ ಉತ್ತರ ಅಂತ ಜನ ಓದಿಕೊಂಡರೆ ತಪ್ಪೇನಿಲ್ಲ. ಆದರೆ ಅಷ್ಟೇ ಆಗಿದ್ದರೆ ಈಗ ಓದುವ ಅಗತ್ಯ ಇರಲಿಲ್ಲ. ಮೆಕಾರ್ಥಿ 1957ರಲ್ಲೇ ತೀರಿಕೊಂಡ.

ನಾನು ಹಾರಿಸಿಕೊಂಡು ಹೋಗಿದ್ದ ಮಾತು ಬರುವುದು ಮೊಂಟಾಗ್‌ನ ಮೇಲಧಿಕಾರಿ ಬೀಟಿಯ ಬಾಯಲ್ಲಿ. ಮೊಂಟಾಗ್ ಹುಷಾರಿಲ್ಲ ಅಂತ ಮನೆಯಲ್ಲಿ ಮಲಗಿದ್ದಾನೆ. ದಿಂಬಿನ ಹಿಂದೆ ಕದ್ದು ತಂದ ಒಂದು ಪುಸ್ತಕ ಇದೆ. ಹೆಂಡತಿ ಮಿಲ್ಡ್ರೆಡ್ ದಿಂಬು ಸರಿಮಾಡಲು ಬಂದು ಅದಕ್ಕೇ ಕೈ ಹಾಕುತ್ತಾಳೆ. ಎದುರಿಗೇ ಬೀಟಿ ಕೂತಿದ್ದಾನೆ. ಪೈಪ್ ಹಚ್ಚಿಕೊಂಡು, ಯಾವ ಅವಸರವೂ ಇಲ್ಲದೆ, ಇದೆಲ್ಲ ಹೇಗೆ ಶುರುವಾಯಿತು ಅಂತ ಹೇಳುತ್ತಿದ್ದಾನೆ. ಇದು ಮೇಲಿನಿಂದ ಇಳಿದು ಬಂದದ್ದಲ್ಲ ಕಣಯ್ಯ, ಯಾರೂ ಆಜ್ಞೆ ಹೊರಡಿಸಲಿಲ್ಲ ಅನ್ನುವುದು ಅವನ ಮಾತಿನ ತಿರುಳು. ಸಿನಿಮಾ ಬಂತು, ರೇಡಿಯೋ ಬಂತು, ಟೀವಿ ಬಂತು. ಎಲ್ಲಕ್ಕೂ ವೇಗ ಬೇಕಾಯಿತು. ದೊಡ್ಡ ಕೃತಿಗಳನ್ನು 15 ನಿಮಿಷದ ರೇಡಿಯೋ ಕಾರ್ಯಕ್ರಮಕ್ಕೆ ಇಳಿಸಿದರು. ಆಮೇಲೆ ಎರಡು ನಿಮಿಷದಲ್ಲಿ ಓದಿ ಮುಗಿಸುವ ಅಂಕಣಕ್ಕೆ. ಕೊನೆಗೆ ನಿಘಂಟಿನಲ್ಲಿ ಹತ್ತು ಹನ್ನೆರಡು ಸಾಲು. ಹ್ಯಾಮ್ಲೆಟ್ ನಂಗೊತ್ತು ಅನ್ನುವವರಿಗೆ ಗೊತ್ತಿದ್ದದ್ದು ಒಂದು ಪುಟದ ಸಾರಾಂಶ ಮಾತ್ರ.

ಇದನ್ನು ಈಗ ಓದುವಾಗ ನನಗೆ ಸ್ವಲ್ಪ ನಾಚಿಕೆ ಆಯಿತು. ಒಂದು ದಪ್ಪ ಪುಸ್ತಕದ ಸಾರಾಂಶವನ್ನು ಕೃತಕ ಬುದ್ಧಿಮತ್ತೆಯ ಆ್ಯಪ್ ಹತ್ತಿರ ಕೇಳಿ, ಐದು ಸಾಲು ಓದಿ, ಇಡೀ ಪುಸ್ತಕ ಓದಿದವರ ಹಾಗೆ ನಾಲ್ಕು ಜನರ ಮುಂದೆ ಮಾತಾಡಿದ್ದು ನನ್ನ ಲೆಕ್ಕದಲ್ಲೂ ಇದೆ. ಯಾರೂ ಹಿಡಿಯಲಿಲ್ಲ. ಅವರೂ ಐದು ಸಾಲೇ ಓದಿದ್ದರೋ ಏನೋ.

ಬೀಟಿ ಕೊಡುವ ಇನ್ನೊಂದು ಕಾರಣ ಇನ್ನೂ ಚುಚ್ಚುವಂಥದ್ದು. ಒಂದು ಪುಸ್ತಕದಿಂದ ಒಬ್ಬರಿಗೆ ನೋವಾಯಿತು, ಆ ಪುಸ್ತಕ ತೆಗೆದರು. ಇನ್ನೊಂದರಿಂದ ಇನ್ನೊಬ್ಬರಿಗೆ ಸಿಟ್ಟು ಬಂತು, ಅದನ್ನೂ ತೆಗೆದರು. ಕ್ಲಾಸಿನಲ್ಲಿ ಜಾಣ ಹುಡುಗನನ್ನು ಕಂಡರೆ ಉಳಿದವರಿಗೆ ಆಗುತ್ತಿರಲಿಲ್ಲ, ಶಾಲೆ ಬಿಟ್ಟ ಮೇಲೆ ಹಿಡಿದು ಬಡಿಯುತ್ತಿದ್ದರು, ನೆನಪಿದೆಯಾ ಅಂತ ಕೇಳುತ್ತಾನೆ. ಎಲ್ಲರೂ ಒಂದೇ ಎತ್ತರಕ್ಕೆ ಬಂದುಬಿಟ್ಟರೆ ಯಾರ ಪಕ್ಕದಲ್ಲಿ ನಿಂತರೂ ಯಾರಿಗೂ ಕುಳ್ಳ ಅನ್ನಿಸುವುದಿಲ್ಲವಲ್ಲ. ಬೀಟಿಯ ಊರಿನಲ್ಲಿ ಅದಕ್ಕೆ ನೆಮ್ಮದಿ ಅಂತ ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಗುಂಪಿನಲ್ಲಿ ಗೋವಿಂದ. ಫೈರ್‌ಮ್ಯಾನ್ ಆ ನೆಮ್ಮದಿಯ ಕಾವಲುಗಾರ ಅಷ್ಟೆ.

ಎಲ್ಲರಂತೆ ಇರಬೇಕು ಅನ್ನುವ ಒತ್ತಡದ ಬಗ್ಗೆ ಬಂದ ಹಲವು ಕಾದಂಬರಿಗಳಲ್ಲಿ ಬೂಟು, ಲಾಠಿ, ಜೈಲು ಇರುತ್ತವೆ. ಇಲ್ಲಿ ಸೋಫಾ ಇದೆ. ಅದಕ್ಕೇ ನನಗೆ ಇದೇ ಜಾಸ್ತಿ ಭಯ ಹುಟ್ಟಿಸುವುದು.

ಮಿಲ್ಡ್ರೆಡ್‌ಳ ಹಾಲ್ ನೋಡಿ. ಮೂರು ಗೋಡೆಗಳೂ ಟೀವಿ ಪರದೆ. ಅದರಲ್ಲಿ ಬರುವ ಪಾತ್ರಗಳನ್ನು ಅವಳು ಕರೆಯುವುದು ‘ನಮ್ಮ ಮನೆಯವರು’ ಅಂತ. ನಾಲ್ಕನೇ ಗೋಡೆಯೂ ಬೇಕು ಅಂತ ಗಂಡನಿಗೆ ದುಂಬಾಲು ಬೀಳುತ್ತಾಳೆ. ಬರೀ 2,000 ಡಾಲರ್ ಅನ್ನುತ್ತಾಳೆ. ನನ್ನ ವರ್ಷದ ಸಂಬಳದಲ್ಲಿ ಮೂರನೇ ಒಂದು ಭಾಗ ಅನ್ನುತ್ತಾನೆ ಅವನು. ಅವಳಿಗೆ ಒಂದು ನಾಟಕದ ಸ್ಕ್ರಿಪ್ಟ್ ಬಂದಿದೆ. ಅದರಲ್ಲಿ ಒಂದು ಪಾತ್ರದ ಮಾತುಗಳನ್ನು ಬೇಕೆಂದೇ ಬಿಟ್ಟಿದ್ದಾರೆ. ಆ ಜಾಗ ಬಂದಾಗ ಮೂರೂ ಗೋಡೆಯ ನಟರು ತಿರುಗಿ ಇವಳ ಮುಖ ನೋಡುತ್ತಾರೆ. ಇವಳು ಸ್ಕ್ರಿಪ್ಟ್ ನೋಡಿಕೊಂಡು, ಹೌದು, ಅದು ಚೆನ್ನಾಗಿದೆ ಅನ್ನಬೇಕು. ಅಷ್ಟೇ ಅವಳ ಪಾರ್ಟು. ಅದಕ್ಕೇ ಅವಳ ಮುಖ ಅರಳುತ್ತದೆ. ನಾಟಕ ಯಾವುದರ ಬಗ್ಗೆ ಅಂತ ಗಂಡ ಕೇಳಿದರೆ ಪಾತ್ರಗಳ ಹೆಸರು ಹೇಳುತ್ತಾಳೆ, ಕತೆ ಹೇಳಲು ಬರುವುದಿಲ್ಲ.

ಇನ್ನೂ ಒಂದು ಸಲಕರಣೆ ಇದೆ. 100 ಡಾಲರ್ ಕೊಟ್ಟು ಹಾಕಿಸಿದ್ದು. ಎಲ್ಲರಿಗೂ ಒಂದೇ ಕಾರ್ಯಕ್ರಮ ಹೋಗುತ್ತಿದ್ದರೂ ಅದು ನಡುವೆ ಇವಳ ಹೆಸರನ್ನು ಸೇರಿಸುತ್ತದೆ. ನಿರೂಪಕನ ತುಟಿಯೂ ಆ ಹೆಸರಿಗೆ ತಕ್ಕ ಹಾಗೆ ಆಡುತ್ತದೆ. ತನ್ನನ್ನೇ ಕರೆದ ಹಾಗಿರುತ್ತದೆ.

1953ರಲ್ಲಿ ಬರೆದದ್ದು ಇದು! ಈಗ ನಮ್ಮ ಫೋನಿನಲ್ಲಿ ‘ನಿಮಗಾಗಿ’ ಅಂತ ಬರುವ ಪುಟಕ್ಕೂ ಇದಕ್ಕೂ ಎಷ್ಟು ದೂರ ಹೇಳಿ. ಆ ಪುಟ ನನಗಾಗಿ ಅಂತಲೇ ಬರುತ್ತದೆ. ಆದರೆ ಅದರಲ್ಲಿ ಲಕ್ಷಾಂತರ ಜನ ಆಗಲೇ ಮೆಚ್ಚಿದ್ದೇ ಮೇಲೇರಿ ಬಂದಿರುತ್ತದೆ. ಎಲ್ಲರ ಹಾಡೂ ಒಂದೇ, ಎಲ್ಲರ ಜೋಕೂ ಒಂದೇ, ಈ ವಾರ ಯಾರ ಮೇಲೆ ಸಿಟ್ಟಾಗಬೇಕು ಅನ್ನುವುದೂ ಒಂದೇ. ನಮ್ಮ ಪಾರ್ಟು ಬಂದಾಗ ಒಂದು ಹೃದಯದ ಗುರುತು ಒತ್ತುತ್ತೇವೆ. ಒತ್ತಿದ ಮೇಲೆ ನಾವೂ ಏನೋ ಹೇಳಿದೆವು ಅನ್ನುವ ಭಾವ. ಬ್ರಾಡ್‌ಬರಿ ಟೀವಿಯನ್ನು ಬೈದರು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಕಾಣುವುದು ಬೇರೆ. ಅವರು ಹಿಡಿದದ್ದು ಈ ಪಾರ್ಟನ್ನು, ಭಾಗವಹಿಸಿದಂತೆ ಅನ್ನಿಸುವ ಆ ಸುಳ್ಳನ್ನು.

ಕಿವಿಗೆ ಹಾಕಿಕೊಳ್ಳುವ ಪುಟ್ಟ ರೇಡಿಯೋ ಕೂಡ ಅಲ್ಲಿದೆ. ಬ್ರಾಡ್‌ಬರಿ ಅದನ್ನು ಕಪ್ಪೆಚಿಪ್ಪು ಅನ್ನುತ್ತಾರೆ. ಮಿಲ್ಡ್ರೆಡ್ ರಾತ್ರಿ ಮಲಗುವಾಗಲೂ ಅದನ್ನು ತೆಗೆಯುವುದಿಲ್ಲ. ಹತ್ತು ವರ್ಷ ಹಾಗೆ ಬದುಕಿ ಬದುಕಿ ಅವಳಿಗೆ ಒಂದು ವಿದ್ಯೆ ಬಂದುಬಿಟ್ಟಿದೆ: ಗಂಡ ಮಾತಾಡಿದರೆ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾಳೆ. ಕಾದಂಬರಿಕಾರ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುವ ಸಂಗತಿ ಇದು. ನನಗೆ ಮಾತ್ರ ಪುಸ್ತಕ ಸುಡುವ ಯಾವ ದೃಶ್ಯಕ್ಕಿಂತಲೂ ಇದು ಹೆಚ್ಚು ಹೊತ್ತು ಕಾಡಿತು.

ಅದೇ ಮಿಲ್ಡ್ರೆಡ್ ಒಂದು ರಾತ್ರಿ ನಿದ್ದೆ ಮಾತ್ರೆಯ ಇಡೀ ಬಾಟಲಿ ಖಾಲಿ ಮಾಡಿ ಮಲಗಿರುತ್ತಾಳೆ. ಫೋನ್ ಮಾಡಿದರೆ ಡಾಕ್ಟರು ಬರುವುದಿಲ್ಲ. ಇಬ್ಬರು ರಿಪೇರಿಯವರ ಥರದವರು ಎರಡು ಮೆಷಿನ್ ಹೊತ್ತು ತರುತ್ತಾರೆ. ಒಂದು ಹೊಟ್ಟೆ ತೊಳೆಯಲು, ಇನ್ನೊಂದು ರಕ್ತ ಬದಲಾಯಿಸಲು. ಬಾಯಲ್ಲಿ ಸಿಗರೇಟು. ಕೆಲಸ ಮುಗಿಸಿ 50 ಡಾಲರ್ ಕೇಳುತ್ತಾರೆ. ಡಾಕ್ಟರ್ ಯಾಕೆ ಬೇಕು, ಇಂಥವು ರಾತ್ರಿಗೆ ಒಂಬತ್ತು ಹತ್ತು ಬರುತ್ತವೆ ಅಂತ ಹೇಳಿ ಹೊರಡುತ್ತಾರೆ. ಬೆಳಿಗ್ಗೆ ಎದ್ದ ಮಿಲ್ಡ್ರೆಡ್‌ಗೆ ಏನೂ ನೆನಪಿಲ್ಲ. ಯಾಕೋ ತುಂಬಾ ಹಸಿವು ಅನ್ನುತ್ತಾಳೆ. ಎಲ್ಲರೂ ಖುಷಿಯಾಗಿರುವ ಊರು ಅದು, ಅಂತ ನೆನಪಿರಲಿ.

ಈ ಖುಷಿಯ ಮೇಲೆ ಮೊದಲ ಗೀರು ಬೀಳುವುದು ಒಂದು ಪ್ರಶ್ನೆಯಿಂದ. ಪಕ್ಕದ ಮನೆಗೆ ಬಂದ ಕ್ಲರೀಸ್ ಅನ್ನುವ ಹುಡುಗಿಗೆ 17 ವರ್ಷ. ಸುಮ್ನೆ ನಡೆದಾಡುತ್ತಾಳೆ, ಮಳೆಯಲ್ಲಿ ಬಾಯಿ ತೆರೆದು ನಿಲ್ಲುತ್ತಾಳೆ, ಬೆಳಗಿನ ಹೊತ್ತು ಹುಲ್ಲಿನ ಮೇಲೆ ಇಬ್ಬನಿ ಇರುತ್ತದೆ ಗೊತ್ತಾ ಅಂತ ಕೇಳುತ್ತಾಳೆ. ಮೊಂಟಾಗ್‌ಗೆ ಗೊತ್ತಿರಲಿಲ್ಲವೋ, ಮರೆತಿತ್ತೋ, ಅವನಿಗೇ ಗೊತ್ತಾಗುವುದಿಲ್ಲ. ಶಾಲೆಯವರು ಅವಳನ್ನು ಯಾರ ಜತೆಗೂ ಬೆರೆಯದವಳು ಅನ್ನುತ್ತಾರೆ, ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ಹೋಗುವಾಗ ಅವಳು ಕೇಳುವುದು ಇಷ್ಟೇ: ನೀವು ಸುಖವಾಗಿದ್ದೀರಾ? ಇದೆಂಥ ಪ್ರಶ್ನೆ ಅಂತ ಮೊಂಟಾಗ್ ಗೊಣಗಿಕೊಂಡು ಒಳಗೆ ಬರುತ್ತಾನೆ. ಬಾಗಿಲು ದಾಟುವಷ್ಟರಲ್ಲಿ ಉತ್ತರ ಗೊತ್ತಾಗಿರುತ್ತದೆ.

ಒಬ್ಬಳು ಹುಡುಗಿಯ ಒಂದು ಪ್ರಶ್ನೆಗೆ ಅಷ್ಟು ಬಲ ಇರಲು ಸಾಧ್ಯವಾ? ಕತೆಗಾರನ ಅನುಕೂಲಕ್ಕೆ ಹಾಗೆ ಮಾಡಿಕೊಂಡದ್ದು ಅಂತ ನನಗೂ ಮೊದಲು ಅನ್ನಿಸಿತ್ತು. ಆದರೆ ಬ್ರಾಡ್‌ಬರಿ ಈ ಕತೆಯ ಮೊದಲ ರೂಪವನ್ನು ಪತ್ರಿಕೆಯಲ್ಲಿ ಪ್ರಕಟಿಸಿದ ವರ್ಷವೇ, ಅಂದರೆ 1951ರಲ್ಲಿ, ಸಾಲೊಮನ್ ಆ್ಯಶ್ ಎಂಬ ಮನಶ್ಶಾಸ್ತ್ರಜ್ಞರ ಒಂದು ಪ್ರಯೋಗವೂ ಪ್ರಕಟವಾಯಿತು. ಒಂದು ಕಾರ್ಡಿನಲ್ಲಿ ಒಂದು ಗೆರೆ. ಇನ್ನೊಂದರಲ್ಲಿ ಮೂರು ಗೆರೆ. ಯಾವುದು ಅದರಷ್ಟೇ ಉದ್ದ ಅಂತ ಹೇಳಬೇಕು. ಚಿಕ್ಕ ಮಗುವೂ ಹೇಳುತ್ತದೆ. ಆದರೆ ಕೋಣೆಯಲ್ಲಿ ಇರುವವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆ್ಯಶ್ ಕಡೆಯವರು. ಬೇಕೆಂದೇ ಒಟ್ಟಾಗಿ ತಪ್ಪು ಉತ್ತರ ಹೇಳುತ್ತಾರೆ. ಆಗ ಆ ಒಬ್ಬ ಏನು ಮಾಡುತ್ತಾನೆ? ಪ್ರಯೋಗಕ್ಕೆ ಬಂದವರಲ್ಲಿ ನೂರಕ್ಕೆ ಸುಮಾರು 75 ಜನ ಒಂದು ಸಲವಾದರೂ ಗುಂಪಿನ ತಪ್ಪು ಉತ್ತರವನ್ನೇ ಹೇಳಿದರು. ಹೊಡೆದಿಲ್ಲ, ಬೈದಿಲ್ಲ, ಹೆದರಿಸಿಲ್ಲ. ಬರೀ ಒಂದು ಗೆರೆಯ ಉದ್ದ.

ಈ ಪ್ರಯೋಗದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆ್ಯಶ್ ನಿಲ್ಲಿಸಲಿಲ್ಲ. ಮುಂದೆ ಅವರು ಗುಂಪಿನಲ್ಲಿ ಸರಿ ಉತ್ತರ ಹೇಳುವ ಇನ್ನೊಬ್ಬನನ್ನು ಕೂರಿಸಿ ನೋಡಿದರು. ಒಬ್ಬನೇ ಒಬ್ಬ. ಅಷ್ಟಕ್ಕೇ ಗುಂಪಿನ ಹಿಡಿತ ಕಾಲು ಭಾಗಕ್ಕೆ ಇಳಿಯಿತು. ಕ್ಲರೀಸ್ ಮಾಡುವುದು ಇದನ್ನೇ. ಅವಳು ಮೊಂಟಾಗ್‌ಗೆ ಏನನ್ನೂ ಕಲಿಸುವುದಿಲ್ಲ. ಒಂದು ಪುಸ್ತಕವನ್ನೂ ಕೊಡುವುದಿಲ್ಲ. ತನ್ನ ಕಣ್ಣಿಗೆ ಕಂಡದ್ದನ್ನು ಅಳುಕಿಲ್ಲದೆ ಹೇಳುತ್ತಾಳೆ. ಅವನಿಗೆ ತನ್ನ ಕಣ್ಣನ್ನೂ ನಂಬಬಹುದು ಅನ್ನಿಸಲು ಶುರುವಾಗುತ್ತದೆ.

ಹಾಗಂತ ಅವನು ರಾತ್ರೋರಾತ್ರಿ ವೀರನಾಗುವುದಿಲ್ಲ. ಮೆಟ್ರೋ ರೈಲಿನ ದೃಶ್ಯ ಒಂದಿದೆ. ಬೈಬಲ್ ಪುಸ್ತಕ ಕೈಯಲ್ಲಿದೆ. ಇದನ್ನು ಕಿತ್ತುಕೊಳ್ಳುವ ಮೊದಲು ಒಂದಷ್ಟು ಸಾಲನ್ನಾದರೂ ಬಾಯಿಪಾಠ ಮಾಡಿಬಿಡೋಣ ಅಂತ ಓದಲು ಕೂರುತ್ತಾನೆ. ಬೋಗಿಯ ಸ್ಪೀಕರಿನಲ್ಲಿ ಹಲ್ಲುಜ್ಜುವ ಪೇಸ್ಟಿನ ಜಾಹೀರಾತು ಒಂದೇ ಸಮನೆ ಬಡಿಯುತ್ತಿದೆ. ಹೊಲದಲ್ಲಿ ಅರಳಿದ ಹೂಗಳ ಬಗ್ಗೆ ಒಂದು ಸಾಲು ಓದುತ್ತಾನೆ, ಪೇಸ್ಟಿನ ಹೆಸರು ಬಂದು ಅದನ್ನು ತಳ್ಳಿಬಿಡುತ್ತದೆ. ಮತ್ತೆ ಓದುತ್ತಾನೆ, ಮತ್ತೆ ಪೇಸ್ಟು. ಸುತ್ತ ಕೂತವರ ಕಾಲು ಜಾಹೀರಾತಿನ ತಾಳಕ್ಕೆ ಕುಣಿಯುತ್ತಿದೆ. ಕೊನೆಗೆ ತಡೆಯಲಾಗದೆ ಎದ್ದು ನಿಂತು ಕಿರುಚುತ್ತಾನೆ. ಜನ ಇವನಿಗೆ ತಲೆಕೆಟ್ಟಿದೆ ಅನ್ನುವ ಹಾಗೆ ನೋಡುತ್ತಾರೆ. ಒಂದು ಪುಟ ಓದಿ ಮುಗಿಸುವಷ್ಟರಲ್ಲಿ ಮೂರು ಸಲ ಫೋನ್ ತೆಗೆದು ನೋಡಿದವರಿಗೆ ಈ ದೃಶ್ಯವನ್ನು ಯಾರೂ ವಿವರಿಸಬೇಕಾಗಿಲ್ಲ ಅಲ್ವಾ.

ಆ ರೈಲಿನಲ್ಲಿ ಅವನು ಹೋಗುತ್ತಿದ್ದದ್ದು ಫೇಬರ್ ಅನ್ನುವ ಮುದುಕನ ಮನೆಗೆ. ಹಿಂದೊಮ್ಮೆ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ ಮೇಷ್ಟ್ರು. ಎಲ್ಲ ಹಾಳಾಗುತ್ತಿದ್ದದ್ದು ನನಗೆ ಕಾಣುತ್ತಿತ್ತು, ಬಾಯಿ ಬಿಡಲಿಲ್ಲ, ನಾನೊಬ್ಬ ಹೇಡಿ ಅಂತ ತಾನೇ ಒಪ್ಪಿಕೊಳ್ಳುತ್ತಾನೆ. ಮೊಂಟಾಗ್ ಪುಸ್ತಕ ಬೇಕು ಅಂದರೆ, ನಿನಗೆ ಬೇಕಾದದ್ದು ಪುಸ್ತಕ ಅಲ್ಲ ಅನ್ನುತ್ತಾನೆ ಫೇಬರ್. ಪುಸ್ತಕದಲ್ಲಿ ಒಂದು ಕಾಲಕ್ಕೆ ಇದ್ದದ್ದು ಬೇಕು. ಅದು ಹಳೆಯ ಹಾಡಿನಲ್ಲೂ ಇರಬಹುದು, ಸಿನಿಮಾದಲ್ಲೂ ಇರಬಹುದು, ಗೆಳೆಯರಲ್ಲೂ ಇರಬಹುದು. ಆ ಟೀವಿ ಗೋಡೆಗಳಲ್ಲೇ ಬಂದಿದ್ದರೂ ಬರಬಹುದಿತ್ತು, ಬರುತ್ತಿಲ್ಲ ಅಷ್ಟೆ.

ಆಮೇಲೆ ಅವನು ಮೂರು ಸಂಗತಿ ಹೇಳುತ್ತಾನೆ. ಓದುವುದರಲ್ಲಿ ಬದುಕಿನ ಸೂಕ್ಷ್ಮ ವಿವರ ಇರಬೇಕು. ಅದನ್ನು ಅರಗಿಸಿಕೊಳ್ಳಲು ಪುರುಸೊತ್ತು ಇರಬೇಕು. ಅರಗಿಸಿಕೊಂಡದ್ದರ ಮೇಲೆ ನಡೆಯುವ ಹಕ್ಕು ಇರಬೇಕು. ಪುರುಸೊತ್ತು ಬೇಕಾದಷ್ಟಿದೆ ಅಂತ ಮೊಂಟಾಗ್ ಅಂದಾಗ ಮುದುಕ ತಿದ್ದುತ್ತಾನೆ: ಕೆಲಸ ಇಲ್ಲದ ಹೊತ್ತು ಇದೆ, ಯೋಚನೆ ಮಾಡುವ ಹೊತ್ತು ಇದೆಯಾ? ಈ ಕಾದಂಬರಿ ಈಗಲೂ ಬೇಕು ಅಂತ ನನಗೆ ಅನ್ನಿಸುವುದು ಈ ಎರಡನೆಯ ಮಾತಿಗಾಗಿ. ಮೊದಲನೆಯದಕ್ಕೆ ನಮ್ಮಲ್ಲಿ ಕೊರತೆ ಇಲ್ಲ. ಜಗತ್ತಿನ ಅರ್ಧ ಲೈಬ್ರರಿ ಜೇಬಿನಲ್ಲೇ ಇದೆ. ಮೂರನೆಯದಕ್ಕೆ ಜಗಳ ನಡೆಯುತ್ತಲೇ ಇದೆ, ಅದು ಎಲ್ಲರಿಗೂ ಕಾಣುತ್ತದೆ. ಎರಡನೆಯದು ಮಾತ್ರ ಸದ್ದಿಲ್ಲದೆ ಹೋಗುತ್ತಿದೆ. ಅದನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ನಾವೇ ಕೊಡುತ್ತಿದ್ದೇವೆ.

ನಿಷೇಧ ಹಳೆಯ ಮಾತು ಅಂತ ಇದರ ಅರ್ಥ ಅಲ್ಲ. 2023–24ರ ಶಾಲಾ ವರ್ಷವೊಂದರಲ್ಲೇ ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಪುಸ್ತಕ ತೆಗೆದುಹಾಕಿದ 10,000ಕ್ಕೂ ಹೆಚ್ಚು ಪ್ರಕರಣಗಳನ್ನು ಪೆನ್ ಅಮೆರಿಕ ಸಂಸ್ಥೆ ಪಟ್ಟಿ ಮಾಡಿತು. ಆದರೆ ಈ ಕಾದಂಬರಿಗೇ ಆದದ್ದನ್ನು ಕೇಳಿದರೆ ಬೀಟಿ ನಗುತ್ತಿದ್ದ. 1967ರಲ್ಲಿ ಪ್ರಕಾಶಕರು ಶಾಲೆಗಳಿಗೆ ಅಂತ ಒಂದು ಬೇರೆ ಮುದ್ರಣ ತಂದರು. ಅದರಲ್ಲಿ ಸುಮಾರು 75 ಕಡೆ ಕೈಯಾಡಿಸಿದ್ದರು. ಬೈಗುಳ ಹೋಯಿತು. ಗರ್ಭಪಾತ ಅನ್ನುವ ಮಾತು ಹೋಯಿತು. ಕುಡುಕ ಒಬ್ಬ ರೋಗಿ ಆದ. ಎಲ್ಲೋ ಹೊಕ್ಕುಳ ಶುಚಿ ಮಾಡುವ ಪ್ರಸ್ತಾಪ ಇತ್ತಂತೆ, ಅದು ಕಿವಿ ಆಯಿತು. 1973ರಿಂದ ಆರು ವರ್ಷ ಅಂಗಡಿಯಲ್ಲೂ ಈ ತೊಳೆದ ಪ್ರತಿಯೇ ಸಿಗುತ್ತಿತ್ತು. ಬರೆದವರಿಗೇ ಗೊತ್ತಿಲ್ಲ! ಪುಸ್ತಕಕ್ಕೆ ಕತ್ತರಿ ಹಾಕುವುದರ ಬಗ್ಗೆ ಬರೆದ ಪುಸ್ತಕಕ್ಕೇ ಕತ್ತರಿ. 1979ರಲ್ಲಿ ವಿಷಯ ಕಿವಿಗೆ ಬಿದ್ದ ಮೇಲೆ ಬ್ರಾಡ್‌ಬರಿ ಕೆಂಡವಾದರು, ಮೂಲ ಪಠ್ಯವೇ ಮತ್ತೆ ಬರುವ ಹಾಗೆ ಮಾಡಿದರು. ಯಾವ ಸರ್ಕಾರವೂ ಆ ಕತ್ತರಿ ಹಿಡಿದಿರಲಿಲ್ಲ. ಯಾರಿಗೂ ಬೇಜಾರಾಗದಿರಲಿ ಅಂತ ಯಾರೋ ಒಬ್ಬ ಸಂಪಾದಕ ಪೆನ್ಸಿಲ್ ಹಿಡಿದು ಕೂತಿದ್ದ. 2023ರಲ್ಲಿ ರೋಲ್ಡ್ ಡಾಲ್ ಅವರ ಮಕ್ಕಳ ಪುಸ್ತಕಗಳಲ್ಲಿ ದಪ್ಪ ಅನ್ನುವಂಥ ಪದಗಳನ್ನು ಬದಲಿಸಿ ಮುದ್ರಿಸಿದಾಗಲೂ ಇದೇ ಪೆನ್ಸಿಲ್. ಗಲಾಟೆ ಆದ ಮೇಲೆ ಪ್ರಕಾಶಕರು ಹಳೆಯ ಪಠ್ಯವನ್ನೂ ಇಡುತ್ತೇವೆ ಅಂದರು.

ಇಲ್ಲೇ ಒಂದು ತಕರಾರನ್ನೂ ಹೇಳಬೇಕು. ಯಾರಿಗೋ ನೋವಾಯಿತು ಅನ್ನುವುದನ್ನೆಲ್ಲ ಬೀಟಿ ಒಂದೇ ಚೀಲಕ್ಕೆ ತುಂಬುತ್ತಾನೆ. ಅಲ್ಪಸಂಖ್ಯಾತರ ಹೆಸರು ಹಿಡಿದೂ ದೂರುತ್ತಾನೆ. ಶತಮಾನಗಳಿಂದ ಹೀಯಾಳಿಸಿಕೊಂಡವರು ನಮ್ಮನ್ನು ಹೀಗೆ ಬರೆಯಬೇಡಿ ಅನ್ನುವುದೂ, ನನ್ನ ನಂಬಿಕೆಗೆ ಹಿಡಿಸದ್ದು ಲೈಬ್ರರಿಯಲ್ಲಿ ಇರಲೇಬಾರದು ಅನ್ನುವುದೂ ಒಂದೇ ಅಲ್ಲ. ಬೀಟಿ ಖಳನಾಯಕ, ಅವನು ಹಾಗೆ ಮಾತಾಡಲಿ ಬಿಡಿ. ಆದರೆ 1979ರಲ್ಲಿ ಬ್ರಾಡ್‌ಬರಿ ತಾವೇ ಬರೆದ ಟಿಪ್ಪಣಿಯಲ್ಲೂ ಹೆಚ್ಚುಕಮ್ಮಿ ಅದೇ ಸಿಡುಕು ಇದೆ. ನನಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಹೆಣ್ಣು ಪಾತ್ರಗಳ ವಿಷಯದಲ್ಲೂ ಕಾದಂಬರಿ ಜಿಪುಣತನ ಮಾಡಿದೆ. ಕ್ಲರೀಸ್ ಕಾಲು ಭಾಗದಲ್ಲೇ ಮಾಯ. ಕೊನೆಯಲ್ಲಿ ಕಾಡಿನಂಚಿನಲ್ಲಿ ಬೆಂಕಿ ಕಾಯಿಸುತ್ತಾ ಒಬ್ಬೊಬ್ಬರು ಒಂದೊಂದು ಪುಸ್ತಕವನ್ನು ಬಾಯಿಪಾಠ ಇಟ್ಟುಕೊಂಡು ಕೂತವರೆಲ್ಲ ಗಂಡಸರೇ.

ಬ್ರಾಡ್‌ಬರಿಗೆ ಕಾಲೇಜು ಓದಲು ದುಡ್ಡಿರಲಿಲ್ಲ, ಓದಿದ್ದೆಲ್ಲ ಲೈಬ್ರರಿಯಲ್ಲೇ. ಈ ಕತೆಯ ಮೊದಲ ರೂಪವನ್ನು ಬರೆದದ್ದೂ ಲಾಸ್ ಏಂಜಲಿಸ್‌ನ ವಿಶ್ವವಿದ್ಯಾಲಯದ ಲೈಬ್ರರಿಯ ನೆಲಮಾಳಿಗೆಯಲ್ಲಿ, ಬಾಡಿಗೆ ಟೈಪ್‌ರೈಟರಿನಲ್ಲಿ. ಅರ್ಧ ಗಂಟೆಗೆ 10 ಸೆಂಟ್. ಒಂಬತ್ತು ದಿನದಲ್ಲಿ 9 ಡಾಲರ್ 80 ಸೆಂಟ್ ಖರ್ಚು ಮಾಡಿ ಬರೆದು ಮುಗಿಸಿದರು.

ಕತೆಯ ಬೀಜ ಮಾತ್ರ ಅದಕ್ಕೂ ಹಿಂದಿನದು. ಕಾದಂಬರಿಯ ಕೊನೆಯ ಭಾಗದಲ್ಲಿ ಮೊಂಟಾಗ್ ತಪ್ಪಿಸಿಕೊಂಡು ನದಿ ದಾಟಿರುತ್ತಾನೆ. ಬೆನ್ನಟ್ಟುವುದನ್ನು ಟೀವಿಯಲ್ಲಿ ನೇರವಾಗಿ ತೋರಿಸುತ್ತಿದ್ದಾರೆ. ಸಿಗಲಿಲ್ಲ ಅಂತ ಹೇಳಿದರೆ ನೋಡುವವರಿಗೆ ನಿರಾಸೆ ಆಗುತ್ತದೆ. ಹಾಗಾಗಿ ಬೇರೆ ಒಬ್ಬನನ್ನು ಹುಡುಕುತ್ತಾರೆ. ಅವನು ಮುಂಜಾನೆ ಹೊತ್ತು ಒಬ್ಬನೇ ಸಿಗರೇಟು ಸೇದುತ್ತಾ ನಡೆಯುತ್ತಿರುವ ಯಾರೋ ಒಬ್ಬ. ದಿನಾ ಹೀಗೆ ನಡೆಯುವವನು ಅಂತ ಪೊಲೀಸರ ಪಟ್ಟಿಯಲ್ಲಿ ಮೊದಲೇ ಇರುತ್ತಾನೆ. ಯಂತ್ರದ ನಾಯಿ ಅವನ ಮೇಲೆ ಎರಗುತ್ತದೆ. ಕ್ಯಾಮೆರಾ ಮುಖವನ್ನು ಸರಿಯಾಗಿ ತೋರಿಸುವುದಿಲ್ಲ. ಮೊಂಟಾಗ್ ಸತ್ತ ಅಂತ ಹೇಳಿ ಕಾರ್ಯಕ್ರಮ ಮುಗಿಸುತ್ತಾರೆ.

ಆ ನಡೆಯುವವನನ್ನು ಬ್ರಾಡ್‌ಬರಿ ಎಲ್ಲಿಂದಲೋ ತಂದದ್ದಲ್ಲ. ಲಾಸ್ ಏಂಜಲಿಸ್‌ನಲ್ಲಿ ಒಂದು ರಾತ್ರಿ ಅವರು ಗೆಳೆಯನ ಜತೆ ಮಾತಾಡುತ್ತಾ ನಡೆದು ಹೋಗುತ್ತಿದ್ದರು. ಪೊಲೀಸ್ ಕಾರೊಂದು ಪಕ್ಕಕ್ಕೆ ಬಂದು ನಿಂತಿತು. ಏನು ಮಾಡುತ್ತಿದ್ದೀರಿ ಅಂತ ಪೊಲೀಸಿನವನು ಕೇಳಿದ. ಒಂದು ಕಾಲಿನ ಮುಂದೆ ಇನ್ನೊಂದು ಕಾಲು ಇಡುತ್ತಿದ್ದೇನೆ ಅಂದರು ಬ್ರಾಡ್‌ಬರಿ. ಅವನಿಗೆ ತಮಾಷೆ ಹಿಡಿಸಲಿಲ್ಲ. ಇನ್ನೊಂದು ಸಲ ಹೀಗೆ ಮಾಡಬೇಡಿ ಅಂತ ಹೇಳಿ ಕಳಿಸಿದ.